ಪುಟ್ಟರಾಜುವಿನ ಬಲಗೈ

ಹೊಳೆನರಸೀಪುರ ದಾಟಿ ಎರಡನೆಯ ದಿಬ್ಬದ ಬುಡಕ್ಕೆ ಬಂದಾಗ ಇದ್ದಿಲು ಬಸ್ಸು ಒಂದೇ ಒಂದು ಸಲ ಕೆಮ್ಮಿತು. ಡ್ರೈವರು ಬಾಯಿ ಬಿಡಲಿಲ್ಲ. ಕಂಡಕ್ಟರು ಸೀಟಿ ಊದಲಿಲ್ಲ. ಆದರೂ ಒಳಗಿದ್ದ ಗಂಡಸರೆಲ್ಲ, ತೂಕಡಿಸುತ್ತಿದ್ದವರೂ ಸೇರಿ, ಎದ್ದು ಪಂಚೆ ಎತ್ತಿ ಕಟ್ಟಿ ಸಾಲಾಗಿ ಇಳಿದು, ಹಿಂದಿನ ಒಲೆಯ ಬಿಸಿ ತಾಗದ ಹಾಗೆ ಬಸ್ಸಿನ ಎರಡು ಮಗ್ಗುಲಿಗೂ ಕೈ ಕೊಟ್ಟು ನಿಂತರು. ಯುದ್ಧ ಬಂದು ಪೆಟ್ರೋಲು ಕಣ್ಣಿಗೆ ಬೀಳದಂತಾಗಿ, ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲೊಲೆ ಕಟ್ಟಿಕೊಂಡು ಓಡತೊಡಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಈ ಜನ ಹೇಗೆ ಪಳಗಿಹೋದರು ಎಂದು ಪುಟ್ಟರಾಜುವಿನ ಮೈ ಉರಿಯಿತು. ಟಿಕೀಟಿಗೆ ದುಡ್ಡು ಕೊಟ್ಟವನು ಬಸ್ಸನ್ನು ತಳ್ಳಬೇಕೆಂದು ಯಾವ ಕಾನೂನಿನಲ್ಲಿ ಬರೆದಿದೆ? ಎತ್ತಿಗಾದರೂ ಬಾರುಗೋಲು ತೋರಿಸಬೇಕು, ಇವರಿಗೆ ಒಂದು ಕೆಮ್ಮು ಸಾಕಾಯಿತಲ್ಲ. ತಾನು ಮಾತ್ರ ಇಳಿಯತಕ್ಕವನಲ್ಲ. ಕಂಡಕ್ಟರು ಬಂದು ಕೇಳಲಿ, ಅವನಿಗೂ ಅವನ ಯಜಮಾನನಿಗೂ ಸೇರಿಸಿ ಜವಾಬು ಕೊಡುತ್ತೇನೆ ಎಂದು ಜವಾಬಿನ ಮೊದಲ ಮಾತನ್ನು ನಾಲಿಗೆಯ ತುದಿಗೆ ತಂದುಕೊಂಡು ನೋಡುತ್ತಾನೆ: ತಾನು ರಸ್ತೆಯ ಮೇಲೆ ನಿಂತಿದ್ದಾನೆ, ಪಂಚೆ ಮೊಣಕಾಲಿಗೆ ಬಂದಿದೆ, ಎರಡು ಅಂಗೈಯೂ ಬಿಸಿ ತಗಡಿನ ಮೇಲಿವೆ.

ಪಕ್ಕದಲ್ಲಿ ಹೆಗಲು ಕೊಟ್ಟಿದ್ದ ಸೋದರಮಾವ ರಂಗಸ್ವಾಮಿ, "ಏನ್ಲಾ, ಇಳಿಯಾಕಿಲ್ಲ ಅಂತ ಚನ್ನರಾಯಪಟ್ಣದಿಂದ ಬಡ್ಕಂತಿದ್ದೆ?" ಎಂದ.

"ಗಾಳಿಗೆ ಇಳ್ದೆ ಮಾವ."

"ಊಂ, ಗಾಳಿಗೆ. ತಳ್ಳು ಮತ್ತೆ, ಗಾಳಿ ಚೆನ್ನಾಗಿ ಬೀಸ್ತದೆ."

ಕಿಟಕಿಯಿಂದ ಅವ್ವ ದೊಡ್ಡತಾಯಮ್ಮ ಇಣುಕಿ, ಹೊಸ ಅಂಗಿಗೆ ಮಸಿ ಹತ್ತಿಸಿಕೊಳ್ಳಬೇಡವೆಂದು ಕೂಗಿದಳು. ಪುಟ್ಟರಾಜು ಅಂಗಿ ನೋಡಿಕೊಳ್ಳಲಿಲ್ಲ, ಸೂರ್ಯನನ್ನು ನೋಡಿದ. ಬೆಳಗಿನಿಂದ ಅವನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿದ್ದರೆ ಈ ವೇಳೆಗೆ ಅರಕಲಗೂಡು ಸೇರಿ, ಅಲ್ಲಿಂದ ಗಾಡಿಯಲ್ಲಿ ಮಲ್ಲಿಪಟ್ಟಣ ತಲುಪಿ, ಕೆಂಪಣ್ಣನವರ ಮನೆಯಲ್ಲಿ ಹಗಲಿನ ಬೆಳಕಿನಲ್ಲೇ ಉಂಡು ಕೈ ತೊಳೆದುಬಿಡಬಹುದಾಗಿತ್ತು. ಉಂಡರೆ ಮುಗಿಯಿತು. ಹೆಣ್ಣಿನ ಮನೆಯಲ್ಲಿ ಗಂಡು ಎಲೆಯ ಮುಂದೆ ಕೂತು ಉಂಡನೆಂದರೆ ಮಾತು ಆದಂತೆ; ಎಲೆಯನ್ನು ಹಾಗೇ ಬಿಟ್ಟು ಎದ್ದನೆಂದರೆ ಹೆಣ್ಣು ಬೇಡ ಎಂದಂತೆ. ಅದಕ್ಕೆ ಬೇರೆ ಮಾತಿಲ್ಲ, ಬೇರೆ ಸಾಕ್ಷಿಯಿಲ್ಲ. ಹೋದ ವರ್ಷ ಯಾವನೋ ಒಬ್ಬ ಕೆಂಪಣ್ಣನ ಹಜಾರದಲ್ಲಿ ಎಲೆ ಬಿಟ್ಟು ಎದ್ದಿದ್ದನಂತೆ. ಅದಾದ ಮೇಲೆ ಆ ಹೆಣ್ಣಿನಲ್ಲಿ ಏನೋ ಐಬಿರಬೇಕೆಂದು ಹೋಬಳಿಯೆಲ್ಲ ಸುದ್ದಿಯಾಗಿ ಎಂಟು ತಿಂಗಳು ಯಾರೂ ಆ ಮನೆಯ ಕಡೆ ತಲೆ ಹಾಕಲಿಲ್ಲವಂತೆ. "ಇನ್ನೊಬ್ಬ ಎಲೆ ಬುಟ್ಟು ಎದ್ರೆ ಆ ಮಗಾ ಬಾವಿ ನೋಡ್ಕತದೆ ಅಷ್ಟೇಯ. ಒಂದು ತುತ್ತಾರ ಉಣ್ಲಾ, ನಿನ್ ದಮ್ಮಯ್ಯ," ಎಂದು ಅವ್ವ ಬಸ್ಸು ಹತ್ತುವಾಗಲೇ ಹೇಳಿದ್ದಳು. ಹೇಳಿದ ದನಿಯಲ್ಲಿ ಕಳವಳದ ಜೊತೆಗೆ ಒಂದು ಕುಟುಕೂ ಇತ್ತು. ಆ ಕುಟುಕಿಗೆ ತಾನು ತಕ್ಕವನು ಎಂಬುದು ಪುಟ್ಟರಾಜುವಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಿಟ್ಟು ಬಂದಿತ್ತು.

ಸೂರ್ಯ ಮುಳುಗಿದ ಮೇಲೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ರೋಗವಲ್ಲ, ವ್ರತವಲ್ಲ. ಚನ್ನರಾಯಪಟ್ಟಣದ ಪೇಟೆಯಲ್ಲಿ ನೇಮಿರಾಜಯ್ಯನವರ ಪಾತ್ರೆ ಅಂಗಡಿಗೆ ಸೇರಿದ್ದೇ ಇದಕ್ಕೆ ಮೂಲ. ಮುಂದೆ ಅಂಗಡಿ, ಹಿಂದೆ ಮನೆ. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಆಮೇಲೆ ಒಲೆ ಹೊತ್ತುವಂತಿಲ್ಲ. ಕೆಲಸದವರ ಸಂಜೆಯ ಊಟವೂ ಅಲ್ಲೇ. ಅಂಗಡಿಯ ಮುಂದೆ ಕಂಚುಗಾರರ ಸುತ್ತಿಗೆಯ ಸದ್ದಿನಲ್ಲಿ ಯಾರು ಕೂಗಿದರೂ ಯಾರಿಗೂ ಕೇಳುತ್ತಿರಲಿಲ್ಲವಾಗಿ, ನೇಮಿರಾಜಯ್ಯನವರ ತಾಯಿ ಅನಂತಮತಮ್ಮನವರು ಹಿಂದಿನ ಪಡಸಾಲೆಯ ಮೆಟ್ಟಿಲ ಮೇಲೆ ಕೂತು, ಹೊತ್ತು ಮುಳುಗುವ ಗಳಿಗೆಗೆ ಒಂದು ಕಂಚಿನ ಜಾಗಟೆ ಬಾರಿಸುತ್ತಿದ್ದರು. ಒಂದೇ ಏಟು. ಏಟು ಬಿದ್ದಾಗ ಕೈ ಎಲ್ಲಿದೆಯೋ ಅಲ್ಲಿ ನಿಲ್ಲಬೇಕು. ಮೊದಲ ವಾರ ಪುಟ್ಟರಾಜು ನಿಲ್ಲಿಸಿರಲಿಲ್ಲ. ತಾನೇನು ಇವರ ಜಾತಿಯವನೇ, ಗುಲಾಮನೇ ಎಂದು ಜಾಗಟೆಯಾದ ಮೇಲೂ ಬೇಕೆಂದೇ ನಾಲ್ಕು ತುತ್ತು ನುಂಗಿದ್ದ. ಎಂಬತ್ತು ದಾಟಿದ ಆ ಅಮ್ಮನವರು ಬೈದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಬೈಗುಳಕ್ಕೆ ಅವನ ಹತ್ತಿರ ಔಷಧ ಇತ್ತು. ಮಿಡ್ಲ್ ಸ್ಕೂಲಿನಲ್ಲಿ ಹೆಡ್‌ಮಾಸ್ತರು ದಿನಕ್ಕೆ ಮೂರು ಸಲ ಕತ್ತೆ ಎಂದೂ ಎರಡು ಸಲ ಕೋಣ ಎಂದೂ ಕರೆದು ಅಂಗೈ ಮೇಲೆ ಬೆತ್ತ ಬಿಡುತ್ತಿದ್ದಾಗ, ಒಂದು ದಿನ ಆ ಬೆತ್ತವನ್ನೇ ಕಸಿದು ಮುರಿದು ಕಿಟಕಿಯಿಂದ ಎಸೆದು, ಬಾಗಿಲಿನಿಂದ ತಾನೂ ಹೊರಬಿದ್ದವನು ಅವನು. ಆವತ್ತಿನಿಂದ ಯಾರ ಮಾತಿಗೂ ಬಗ್ಗಿದವನಲ್ಲ. ಆದರೆ ಅನಂತಮತಮ್ಮನವರು ಬೈಯಲಿಲ್ಲ. ಎಂಟನೆಯ ದಿನ, ತುತ್ತು ಬಾಯಿಯ ಹತ್ತಿರ ಇರುವಾಗ ಜಾಗಟೆ ಬಿದ್ದು, ಯಾವುದೋ ಯೋಚನೆಯಲ್ಲಿದ್ದ ಅವನ ಕೈ ಒಂದು ಕ್ಷಣ ತಡೆದಾಗ, ಆ ಮುದುಕಿ ಬೊಚ್ಚುಬಾಯಿ ತುಂಬ ನಕ್ಕು, "ನೋಡು, ಎಷ್ಟು ಬುದ್ಧಿವಂತ ಹುಡುಗ," ಎಂದರು.

ಅಷ್ಟೇ. ಇಪ್ಪತ್ತು ವರ್ಷದಲ್ಲಿ ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ. ಅವನು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದ. ಮರುದಿನ ಜಾಗಟೆ ಬೀಳುವ ಮುಂಚೆಯೇ ಕಿವಿ ನಿಮಿರಿತ್ತು. ಕೈ ನಿಂತಿತು, "ಬುದ್ಧಿವಂತ," ಎಂದರು. ಮೂರನೆಯ ದಿನ ಕೈ ನಿಂತಿತು. ಅವರು ಏನೂ ಅನ್ನಲಿಲ್ಲ, ಯಾರ ಜೊತೆಗೋ ಮಾತಾಡುತ್ತಿದ್ದರು. ಅವನಿಗೆ ರಾತ್ರಿಯೆಲ್ಲ ಕಸಿವಿಸಿಯಾಯಿತು. ನಾಲ್ಕನೆಯ ದಿನ ಅವರಿಗೆ ಕಾಣಲೆಂದು ಕೈಯನ್ನು ಸ್ವಲ್ಪ ಮೇಲಕ್ಕೇ ಎತ್ತಿ ನಿಲ್ಲಿಸಿದ. ಹೀಗೆ, ಒಂದು ದಿನ ಅಂದು ಎರಡು ದಿನ ಬಿಟ್ಟು ಆ ಮುದುಕಿ ಅವನನ್ನು ಎರಡು ವರ್ಷ ನಡೆಸಿದರು. ತಾವು ಏನು ಮಾಡುತ್ತಿದ್ದೇವೆಂದು ಅವರಿಗಾದರೂ ಗೊತ್ತಿತ್ತೋ ಇಲ್ಲವೋ.

ಮನೆಯಲ್ಲಿ ಅವ್ವನಿಗೆ ಹೇಳುವುದು ಹೇಗೆ? ಪೇಟೆಗೆ ಒಂದು ಮೈಲಿ ದೂರದ ಊರಿನಲ್ಲಿ, ಗಂಡ ಸತ್ತ ಮೇಲೆ ಎರಡು ಎಕರೆ ಹೊಲವನ್ನು ಒಬ್ಬಳೇ ಗೇಯುತ್ತ, ಸಂಜೆ ದೀಪ ಹಚ್ಚಿ ಮುದ್ದೆ ತಿರುವಿ ಮಗನಿಗಾಗಿ ಕಾಯುವವಳಿಗೆ, ನಾನು ಇನ್ನೊಬ್ಬರ ಮನೆಯಲ್ಲಿ ಉಂಡು ಬಂದೆ ಎನ್ನುವುದು ಹೇಗೆ? "ಹೊಟ್ಟೆ ನೋಯ್ತದೆ ಕಣವ್ವ," ಎಂದು ಮೊದಲ ದಿನ ಅಂದ. ಕಷಾಯ ಬಂತು. ಅದು ಮುದ್ದೆಗಿಂತ ಕಷ್ಟವಾಯಿತು. ಆಮೇಲೆ ತಟ್ಟೆ ಹಿಡಿದು ಹಿತ್ತಿಲ ಬಾಗಿಲಲ್ಲಿ ಕೂತು, ಕತ್ತಲೆಯಲ್ಲಿ ಮುದ್ದೆಯನ್ನು ಬೀದಿಯ ಕರಿ ನಾಯಿಗೆ ಹಾಕುವುದನ್ನು ಕಲಿತ. ನಾಯಿಯೂ ಕಲಿಯಿತು. ಅವ್ವ ಒಳಗಿನಿಂದ "ಪುಟ್ಟಾ, ಉಣ್ಣಕ್ಕೇಳ್ಲಾ," ಎಂದು ಕೂಗಿದ ಕೂಡಲೇ ಅದು ಎಲ್ಲಿದ್ದರೂ ಓಡಿ ಬಂದು ಹಿತ್ತಿಲಲ್ಲಿ ಬಾಲ ಬಡಿಯುತ್ತ ಕೂರುತ್ತಿತ್ತು. ಊರಿನ ನಾಯಿಗಳೆಲ್ಲ ಬಡಕಲಾಗಿ ಇದೊಂದು ಮಾತ್ರ ಗೌಡರ ಎಮ್ಮೆಯ ಹಾಗೆ ಉಬ್ಬತೊಡಗಿದಾಗ ಅವ್ವನಿಗೆ ಅನುಮಾನ ಬಂತು. ಒಂದು ಸಂಜೆ, ಅವನು ಇನ್ನೂ ಪೇಟೆಯಿಂದ ಬಂದಿರದಿದ್ದಾಗ, ಸುಮ್ಮನೆ ಹಿತ್ತಿಲಿಗೆ ನಿಂತು "ಪುಟ್ಟಾ, ಉಣ್ಣಕ್ಕೇಳ್ಲಾ," ಎಂದು ಕೂಗಿ ನೋಡಿದಳು. ನಾಯಿ ಬಂದು ಕೂತಿತು. ಬಾಗಿಲಿಗೆ ಬಂದ ಮಗನನ್ನು ನೋಡಿ ದೊಡ್ಡತಾಯಮ್ಮ ಅಳಲಿಲ್ಲ, ಕೂಗಲಿಲ್ಲ. "ನಾ ಎತ್ತ ಮಗ ಮುಂಚೇನೇ ಬಂದು ಉಂಡ್ಕಂಡ ಕಣಪ್ಪ. ನೀನ್ ಯಾರು?" ಎಂದಳು. ಮೂರು ದಿನ ಮಾತು ಬಿಟ್ಟಳು. ಆ ಮಾತನ್ನು ನೆನೆದಾಗಲೆಲ್ಲ ಪುಟ್ಟರಾಜುವಿಗೆ ನಗಬೇಕೆನಿಸುತ್ತಿತ್ತು, ನಗಲಾಗುತ್ತಿರಲಿಲ್ಲ. ಈಗಲೂ, ಬಸ್ಸು ದಿಬ್ಬದ ನೆತ್ತಿ ಮುಟ್ಟಿ, ಎಲ್ಲರೂ ಯಾರೂ ಹೇಳದೆಯೇ ಮತ್ತೆ ಹತ್ತಿ, ತಮ್ಮತಮ್ಮ ಜಾಗದಲ್ಲೇ ಕೂತಾಗ, ಅವ್ವನ ಎದುರಿಗೆ ಕೂತು ಅವಳ ಮುಖ ನೋಡಲಾರದೆ ಕಾಲಬೆರಳು ನೋಡುತ್ತಿದ್ದ.

ಕೆಂಪಣ್ಣನ ಮಗಳು ಬೆಟ್ಟಮ್ಮನನ್ನು ಅವನು ಕಂಡದ್ದು ಅರಕಲಗೂಡಿನ ಸಂತೆಯಲ್ಲಿ. ನೇಮಿರಾಜಯ್ಯನವರು ಗಾಡಿಯಲ್ಲಿ ಹಿತ್ತಾಳೆ ಸಾಮಾನು ಹೇರಿಸಿ ಅವನನ್ನು ಕಳಿಸಿದ್ದರು. ಅಪ್ಪನ ಜೊತೆ ಬಂದ ಒಂದು ಹುಡುಗಿ ಕೊಡಗಳನ್ನು ಒಂದೊಂದಾಗಿ ಎತ್ತಿ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟು ಕೇಳಿ, ಐದನೆಯದಕ್ಕೆ "ಇದು ತೂತು," ಎಂದಳು. ಅವನು ಸಿಡಿದೆದ್ದ. ತೂತು ತೋರಿಸು ಎಂದ, ಇಂಥ ಗಿರಾಕಿಗಳನ್ನು ಬಹಳ ನೋಡಿದ್ದೇನೆ ಎಂದ, ಅಂಗಡಿಯ ಮಾನ ಎಂದ, ಸಂತೆಯ ಅರ್ಧ ಜನ ತಿರುಗಿ ನೋಡುವ ಹಾಗೆ ಕೈ ಬೀಸಿ ಮಾತಾಡಿದ. ಅವಳು ಆ ಹೊತ್ತಿಗೆ ಪಕ್ಕದ ಬಾವಿಯಿಂದ ಕೊಡಕ್ಕೆ ನೀರು ತುಂಬಿಸಿ ತಂದು ಅವನ ಮುಂದೆ ಇಟ್ಟಿದ್ದಳು. ತಳದಿಂದ ಸಣ್ಣಗೆ ನೀರು ಜಿನುಗಿತು. "ಕೂಗಾಡುದ್ರೆ ತೂತು ಮುಚ್ಕತದಾ?" ಎಂದು ಕೇಳಿ ಹೋದಳು. ಅವನು ಹತ್ತು ಕೊಡಗಳಿಗೆ ನೀರು ತುಂಬಿಸಿ ನೋಡಿದ. ರಾತ್ರಿ ಗಾಡಿಯಲ್ಲಿ ಮಲಗಿ, ಆ ಗೆಣ್ಣು ತನ್ನ ಎದೆಯ ಮೇಲೆ ಕುಟ್ಟಿದ್ದರೆ ಯಾವ ಸದ್ದು ಬರುತ್ತಿತ್ತೋ ಎಂದು ಯೋಚಿಸಿದ. ತಿಂಗಳೊಳಗೆ ಮಾವನನ್ನು ಮಲ್ಲಿಪಟ್ಟಣಕ್ಕೆ ಓಡಿಸಿದ. ಅಂಥವಳನ್ನು, ತನ್ನ ಹೊಟ್ಟೆಗೆ ಹೊತ್ತು ಮುಳುಗಿತೆಂದು, ಎರಡನೆಯ ಸಲ ಊರ ಬಾಯಿಗೆ ಹಾಕುವುದೇ? ಒಂದು ತುತ್ತು. ಹಸಿವಿಲ್ಲದಿದ್ದರೂ ಗಂಡಸಾದವನು ಒಂದು ತುತ್ತು ನುಂಗಲಾರನೇ? ಇದೆಲ್ಲ ಮನಸ್ಸಿನ ಮಾತು ಎಂದುಕೊಂಡ. ಮನಸ್ಸು ತನ್ನದೇ ತಾನೆ.

ಅರಕಲಗೂಡಿನಲ್ಲಿ ಬಸ್ಸು ಇಳಿದು ಗಾಡಿ ಹಿಡಿದು ಮಲ್ಲಿಪಟ್ಟಣಕ್ಕೆ ಬಂದಾಗ ಪಡುವಣದ ಕೆಂಪು ಕೂಡ ಆರಿತ್ತು. ಕೆಂಪಣ್ಣನವರ ಹಜಾರದಲ್ಲಿ ಎರಡು ಗ್ಯಾಸ್‌ಲೈಟು ಉರಿಯುತ್ತಿದ್ದವು. ನಲವತ್ತು ಎಲೆ ಹಾಕಿತ್ತು. ಒತ್ತುಶಾವಿಗೆ, ಕಾಯಿಹಾಲು, ಕಜ್ಜಾಯ, ಅನ್ನ, ಹುರುಳಿ ಸಾರು. ಮೀಸೆಗೆ ಎಣ್ಣೆ ಹಚ್ಚಿದ್ದ ಕೆಂಪಣ್ಣ ಬಾಗಿಲಲ್ಲೇ ಕೈ ಹಿಡಿದು, "ಬನ್ನಿ ಬನ್ನಿ, ಬಸ್ಸು ತಳ್ಕಂಡ್ ಬಂದ್ರೋ, ಬಸ್ಸೇ ನಿಮ್ಮುನ್ನ ತಳ್ಕಂಡ್ ಬಂತೋ?" ಎಂದು ನಗಿಸಿ, ಗಂಡನ್ನು ಸಾಲಿನ ತಲೆಗೆ ಕೂರಿಸಿದ. ಹೆಂಗಸರು ಒಳಮನೆಗೆ ಹೋದರು. ಒಳಮನೆಯ ಬಾಗಿಲ ಸಂದಿಯಲ್ಲಿ ಬಳೆಗಳ ಒಂದು ಕೈ ಕಂಬ ಹಿಡಿದು ನಿಂತಿತ್ತು. ಆ ಗೆಣ್ಣುಗಳ ಗುರುತು ಪುಟ್ಟರಾಜುವಿಗೆ ಸಿಕ್ಕಿತು. ಅವನ ಎದೆಯಲ್ಲಿ ಧೈರ್ಯ ತುಂಬಿ ಬಂತು. ಹಸಿವು ಇರಲಿಲ್ಲ, ಆದರೆ ಹಸಿವಿನಂಥದ್ದೇ ಏನೋ ಇತ್ತು. ಶಾವಿಗೆಯನ್ನು ಕಾಯಿಹಾಲಿನಲ್ಲಿ ಕಲಸಿ ಒಂದು ತುತ್ತು ಮಾಡಿ ಎತ್ತಿದ. ಇಗೋ ಹೋಯಿತು, ಇಗೋ ಮುಗಿಯಿತು ಎನ್ನುವಷ್ಟರಲ್ಲಿ, ಹಜಾರದ ಮೂಲೆಯಲ್ಲಿ ನಿಂತಿದ್ದ ದಾಸಯ್ಯ ಜಾಗಟೆಗೆ ಏಟು ಹಾಕಿದ.

ದಾಸಯ್ಯ ಜಾಗಟೆ ಬಾರಿಸಿ ಶಂಖ ಊದಿ ಗೋವಿಂದ ಎಂದ ಮೇಲೇ ಪಂಕ್ತಿ ಉಣ್ಣುವುದು. ಇದು ಪುಟ್ಟರಾಜುವಿನ ಅಜ್ಜನ ಕಾಲದಿಂದಲೂ ಅವನ ಮನೆಯಲ್ಲೂ ನಡೆದು ಬಂದದ್ದೇ. ಜಾಗಟೆಯೆಂದರೆ ಉಣ್ಣು ಎಂದು ನಲವತ್ತು ಕೈಗಳಿಗೆ ಗೊತ್ತಿತ್ತು. ನಲವತ್ತು ಕೈಗಳೂ ಎಲೆಯಿಂದ ಎದ್ದವು. ಒಂದು ಕೈ ನಿಂತಿತು. ಪುಟ್ಟರಾಜು ಅದನ್ನು ನೋಡಿದ. ಬಾಯಿಗೂ ಅದಕ್ಕೂ ನಡುವೆ ಒಂದು ಗೇಣು. ತುತ್ತಿನಿಂದ ಕಾಯಿಹಾಲು ಮೊಣಕೈಗೆ ಇಳಿಯುತ್ತಿತ್ತು. ನಡೆ ಎಂದ, ನಡೆಯಲಿಲ್ಲ. ಕತ್ತನ್ನೇ ಮುಂದೆ ಚಾಚಿ ತುತ್ತನ್ನು ಮುಟ್ಟಿಬಿಡೋಣವೆಂದರೆ ಹಲ್ಲು ಕಚ್ಚಿಕೊಂಡಿತ್ತು. ಇದಕ್ಕಿಂತ ನಾಚಿಕೆಗೇಡು ಇನ್ನೊಂದಿತ್ತು: ಎದೆಯೊಳಗೆ, ಎಳೆ ಬಿಸಿಲು ಬಿದ್ದ ಹಾಗೆ, ಒಂದು ಸಂತೋಷ ಹರಡುತ್ತಿತ್ತು. ಯಾರೋ ಈಗ 'ಬುದ್ಧಿವಂತ' ಎನ್ನುತ್ತಾರೆ ಎಂದು ಅವನ ಕಿವಿ, ಅವನನ್ನು ಕೇಳದೆ, ನಿಮಿರಿ ಕಾಯುತ್ತಿತ್ತು.

ಸಾಲಿನ ತಲೆಯಲ್ಲಿ ಕೂತ ಗಂಡು ಬಾಯಿಗಿಡದೆ ಉಳಿದವರು ಇಡುವ ಹಾಗಿಲ್ಲ. ಪಕ್ಕದ ಮುದುಕ ಅವನ ಕೈ ನೋಡಿ ತನ್ನ ಕೈ ನಿಲ್ಲಿಸಿದ. ಅವನ ಪಕ್ಕದವನು ಅವನನ್ನು ನೋಡಿ ನಿಲ್ಲಿಸಿದ. ಹೀಗೆ ಹಜಾರದ ಈ ತುದಿಯಿಂದ ಆ ತುದಿಗೆ ಕೈಗಳು ಒಂದೊಂದಾಗಿ ನಿಂತುಕೊಂಡು ಹೋಗಿ, ಕೊನೆಯಲ್ಲಿ ಅವಸರಪಟ್ಟು ತುತ್ತು ಹಾಕಿಕೊಂಡುಬಿಟ್ಟಿದ್ದ ಒಬ್ಬ, ಉಗುಳಲೂ ಆಗದೆ ನುಂಗಲೂ ಆಗದೆ ಕೆನ್ನೆ ಉಬ್ಬಿಸಿಕೊಂಡು ಕಣ್ಣು ಬಿಡುತ್ತ ಕೂತ. ದಾಸಯ್ಯ ಗಾಬರಿಯಾದ. "ಯಾಕ್ ಸ್ವಾಮಿ, ನನ್ ಜಾಗಟೆ ಕೇಳಿಸ್ನಿಲ್ವಾ?" ಎಂದು ಮೊದಲಿಗಿಂತ ಜೋರಾಗಿ ಇನ್ನೊಂದು ಏಟು ಹಾಕಿದ. ಪುಟ್ಟರಾಜುವಿನ ಕೈ ಇನ್ನೂ ಅರ್ಧ ಗೇಣು ಮೇಲೆದ್ದು ನಿಂತಿತು. ದಾಸಯ್ಯ ಮತ್ತೊಂದು ಹಾಕಿದ. "ನಿಲ್ಸೋ ನಿನ್ ಮಕ್ಕೆ ಮಣ್ಣಾಕ!" ಎಂದು ಪುಟ್ಟರಾಜು ಕೂಗಿದ. ಅದೊಂದೇ ಆವತ್ತು ಅವನು ಅಂದುಕೊಂಡ ಹಾಗೆ ಹೊರಗೆ ಬಂದ ಮಾತು, ಅದೂ ದೇವರ ಜಾಗಟೆಯ ಮೇಲೆ. ಎಡಗೈಯನ್ನು ಬಲಮೊಣಕೈಯ ಅಡಿಗೆ ಕೊಟ್ಟು, ದಿಬ್ಬದಲ್ಲಿ ಬಸ್ಸನ್ನು ತಳ್ಳಿದ ಹಾಗೆಯೇ ತಳ್ಳಿದ. ಕೈ ಮುಂದೆ ಹೋಗಲಿಲ್ಲ.

"ಮೂರ್ಛೆ ಕಣ್ರಪ್ಪೋ, ಕಬ್ಬಿಣ ಕೊಡ್ರಿ ಕೈಗೆ," ಎಂದು ಯಾರೋ ಅಂದರು. ಯಾರೋ ಓಡಿ ಬಂದು ಅವನ ಎಡಗೈಗೆ ಬೀಗದಕೈ ಗೊಂಚಲು ತುರುಕಿದರು. ಈಗ ಒಂದು ಕೈಯಲ್ಲಿ ಶಾವಿಗೆ, ಒಂದು ಕೈಯಲ್ಲಿ ಬೀಗದಕೈ.

ಕೆಂಪಣ್ಣ ಬಂದು ಎದುರಿಗೆ ನಿಂತ. ಅವನ ಮೀಸೆಯ ತುದಿ ಕುಣಿಯುತ್ತಿತ್ತು. ದನಿ ಮಾತ್ರ ತಗ್ಗಿತ್ತು, ಅದೇ ಹೆಚ್ಚು ಭಯವಾಗುವಂತಿತ್ತು. "ಏನಪ್ಪಾ, ಇಷ್ಟ ಇಲ್ದಿದ್ರೆ ಬಾಯಲ್ಲಿ ಯೋಳು. ಇಂಗೆ ತುತ್ತು ಎತ್ತಿ ತೋರ್ಸಿ ಯಾಕ್ ಮಾನ ಕಳೀತೀಯ? ನನ್ ಮಗಳ್ಗೆ ಅಪ್ಪ ಇನ್ನೂ ಸತ್ತಿಲ್ಲ."

"ನಾ ಬ್ಯಾಡ ಅಂತಿಲ್ಲ," ಎಂದ ಪುಟ್ಟರಾಜು. "ನಂಗೆ ಬೇಕು. ನನ್ ಕೈ ಅಂಗಂತಾ ಅದೆ."

"ನಿನ್ ಕೈ ನಿನ್ ಮಾತು ಕೇಳಾಕಿಲ್ವಾ? ಮತ್ಯಾರ್ ಮಾತು ಕೇಳ್ತದೆ?"

"ಅಂಗಡಿ ಅಮ್ಮಾರ್ ಮಾತು."

ಸಾಲಿನಲ್ಲಿ ಗುಜುಗುಜು ಎದ್ದಿತು. ಪೇಟೆಯಲ್ಲಿ ಇಟ್ಟುಕೊಂಡಿದ್ದಾನೆ ನೋಡು ಎಂದು ಒಬ್ಬ ಪಿಸುಗುಟ್ಟಿದ. ಇಟ್ಟುಕೊಂಡವಳು ಬೇರೆಯ ಮನೆಯಲ್ಲಿ ಉಣ್ಣಬೇಡವೆಂದು ಆಣೆ ಹಾಕಿಸಿದ್ದಾಳೆ ಎಂದು ಇನ್ನೊಬ್ಬ ಸೇರಿಸಿದ. ರಂಗಸ್ವಾಮಿ ಎದ್ದು, "ಲೇ, ಆ ಅಮ್ಮಾರ್ಗೆ ಎಂಬತ್ ವರ್ಷ ಕಣ್ರಲಾ! ಬಾಯಲ್ಲಿ ಒಂದ್ ಅಲ್ಲೂ ಇಲ್ಲ!" ಎಂದು ಕೂಗಿದ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಪುಟ್ಟರಾಜುವಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕೆನಿಸಿತು: ಹೆಡ್‌ಮಾಸ್ತರ ಬೆತ್ತ, ಮುದುಕಿಯ ನಗು, ಕರಿ ನಾಯಿ. ಆದರೆ ಬಾಗಿಲ ಸಂದಿಯ ಆ ಕೈ ಕಂಬವನ್ನು ಬಿಟ್ಟಿತ್ತು. ಬಳೆಯ ಸದ್ದು ಒಳಕ್ಕೆ ಹೋದ ಹಾಗಾಯಿತು. ಎದ್ದರೆ ಹೆಣ್ಣು ಬೇಡವೆಂದಂತೆ, ಉಣ್ಣುವ ಹಾಗಿಲ್ಲ. ಸರಿ, ಏಳುವುದೇ ಇಲ್ಲ ಎಂದುಕೊಂಡ. ನಾಳೆ ಹೊತ್ತು ಹುಟ್ಟುವತನಕ ಇಲ್ಲೇ ಹೀಗೇ ಕೈ ಎತ್ತಿ ಕೂರುತ್ತೇನೆ. ಹೊತ್ತು ಹುಟ್ಟಿದ ಮೇಲೆ ಈ ಹಾಳು ಕೈ ಬಿಡುತ್ತದೆ. ಅವನು ಏಳದೆ ಪಂಕ್ತಿ ಏಳುವಂತಿಲ್ಲ ಎಂಬುದು ಆಗ ಹೊಳೆಯಿತು. ನಲವತ್ತು ಜನ, ಕೆನ್ನೆ ಉಬ್ಬಿದವನೂ ಸೇರಿ, ಬೆಳಗಿನವರೆಗೆ ತನ್ನನ್ನು ನೋಡುತ್ತ ಕೂತಿರಬೇಕಾದ್ದನ್ನು ಕಣ್ಣಿಗೆ ತಂದುಕೊಂಡ. ಇರಲಿ, ಕೂರಲಿ. ಬಸ್ಸು ತಳ್ಳುವವರು ಇದನ್ನೂ ಕಲಿತಾರು.

ಆಗ ಒಳಮನೆಯಿಂದ ದೊಡ್ಡತಾಯಮ್ಮ ಬಂದಳು. ಗಂಡಸರ ಪಂಕ್ತಿಗೆ ಹೆಂಗಸು ಬಂದಳೆಂದು ನಾಲ್ಕು ಜನ ಗಂಟಲು ಸರಿಮಾಡಿಕೊಂಡರು. ಅವಳು ಅತ್ತ ನೋಡಲಿಲ್ಲ. ಕೆಂಪಣ್ಣನ ಕಾಲಿಗೆ ಬೀಳುತ್ತಾಳೇನೋ ಎಂದು ಪುಟ್ಟರಾಜು ಕಣ್ಣು ಮುಚ್ಚಿದ. ಅವಳು ಅವನ ಬೆನ್ನ ಹಿಂದೆ ಕೂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗೈಯಿಂದ ಅವನ ಕಿವಿಯ ತುದಿ ಹಿಡಿದು, ಬಲಗೈಯಿಂದ ಅವನ ಕೈಯಲ್ಲಿದ್ದ ತುತ್ತನ್ನು ಬಿಡಿಸಿಕೊಂಡು, "ಆ ಅನ್ಲಾ," ಎಂದಳು.

ಅವನ ಬಾಯಿ ತೆರೆಯಿತು.

ಅವನು ತೆರೆಯಲಿಲ್ಲ, ಅದು ತೆರೆಯಿತು. ಅನಂತಮತಮ್ಮನವರು ಎರಡು ವರ್ಷ ಕಟ್ಟಿದ್ದರ ಅಡಿಯಲ್ಲಿ, ಬೆತ್ತದ ಅಡಿಯಲ್ಲಿ, ಇಪ್ಪತ್ತು ವರ್ಷದ ಸಿಟ್ಟಿನ ಅಡಿಯಲ್ಲಿ, ಹಲ್ಲೇ ಬರುವ ಮುಂಚೆ ಯಾರೋ ಹಾಕಿಟ್ಟ ಒಂದು ಬಾಗಿಲಿತ್ತು; ಅದರ ಬೀಗದಕೈ ಇವಳ ಹತ್ತಿರ ಇತ್ತು. ತುತ್ತು ಒಳಗೆ ಹೋಯಿತು. "ಉಂ, ನುಂಗು. ಇನ್ನೊಂದು, ಆ." ಮತ್ತೊಂದು ಹೋಯಿತು. "ನಾಯಿಗಾಕ್ತಾನಂತೆ ನಾಯಿಗೆ, ನಾ ತಿರುವಿದ್ ಮುದ್ದೇನ," ಎಂದು ಅವನ ಕಿವಿಗೆ ಮಾತ್ರ ಕೇಳುವ ಹಾಗೆ ಅಂದು, ಕಿವಿಯನ್ನು ಒಂದು ಸುತ್ತು ಹಿಂಡಿ ಮೂರನೆಯದನ್ನೂ ತುರುಕಿದಳು. ಇಪ್ಪತ್ತೆರಡು ವರ್ಷದ ಗಂಡು, ಹೊಸ ಅಂಗಿ ತೊಟ್ಟು, ನಲವತ್ತು ಜನರ ಮುಂದೆ, ಅವ್ವನ ಕೈತುತ್ತು ತಿನ್ನುತ್ತ ಕೂತಿತು. ಕಣ್ಣಲ್ಲಿ ನೀರು ಬಂತು. ಅದಕ್ಕೆ ಕಿವಿಯೂ ಒಂದು ಕಾರಣವಾಗಿತ್ತು.

ಮೊದಲು ನಕ್ಕವನು ಕೆನ್ನೆ ಉಬ್ಬಿಸಿಕೊಂಡಿದ್ದವನು. ನಕ್ಕದ್ದಕ್ಕೆ ಅವನ ತುತ್ತು ಎದುರಿನವನ ಎಲೆಗೇ ಬಿತ್ತು. ಆಮೇಲೆ ಹಜಾರವೇ ನಕ್ಕಿತು. ಕೆಂಪಣ್ಣ ನಗು ತಡೆಯಲು ಮೀಸೆ ತಿರುವಿ, ಆಗದೆ, "ಉಂಡ್ತು ಕಣ್ರಪ್ಪಾ, ಗಂಡು ಉಂಡ್ತು! ಯಾರ್ ಕೈಲಿ ಉಂಡ್ರೇನು, ಓಗಿದ್ದು ನನ್ ಮನೆ ಅನ್ನ," ಎಂದು ತೊಡೆ ತಟ್ಟಿದ. ದಾಸಯ್ಯ, ಜಾಗಟೆಯನ್ನು ಮುಟ್ಟುವ ಧೈರ್ಯ ಸಾಲದೆ, ಶಂಖ ಊದಿದ. ಮೂವತ್ತೊಂಬತ್ತು ಕೈಗಳು ಒಮ್ಮೆಗೇ ಬಾಯಿಗೆ ಹೋದವು. ಅವ್ವ ಕೈ ತೊಳೆಯಲು ಎದ್ದಳು. ಮಾತು ಆಗಿತ್ತು, ಬೆಟ್ಟಮ್ಮ ಅವನವಳಾಗಿದ್ದಳು. ಗೆದ್ದವನ ಮುಖ ಮಾಡಬೇಕೆಂದು ಪುಟ್ಟರಾಜು ಪ್ರಯತ್ನಪಟ್ಟ. ತಲೆಯೆತ್ತಿದಾಗ ಅವಳೇ ಕಾಯಿಹಾಲಿನ ಪಾತ್ರೆ ಹಿಡಿದು ಒಳಗಿನಿಂದ ಬರುತ್ತಿದ್ದಳು. ಮತ್ತೆ ಸಂದಿಗೆ ಬಂದು ಅವಳು ಏನೊಂದನ್ನೂ ಬಿಡದೆ ನೋಡಿದ್ದಳೆಂಬುದು ಅವಳ ಕಣ್ಣಿನಲ್ಲೇ ಇತ್ತು. ಆಗ ಕಂಬ ಬಿಟ್ಟದ್ದು ಸಿಟ್ಟಿಗಲ್ಲ, ಪಾತ್ರೆ ತರಲಿಕ್ಕೆಂದು ತಿಳಿದು ಅವನ ಜೀವ ಹಗುರಾಯಿತು. ಇವಳಿಗಾದರೂ ಸರಿಯಾಗಿ ಎರಡು ಮಾತು ಹೇಳಬೇಕು, ನಾನು ಯಾರ ಮಾತಿಗೂ ಕುಣಿಯುವವನಲ್ಲ, ಇವತ್ತಿನದು ಬೇರೆ, ಎಂದು ಮೊದಲ ಮಾತನ್ನು ಜೋಡಿಸಿಕೊಳ್ಳುತ್ತಿದ್ದ. ಅವಳು ಅವನ ಎಲೆಯ ಮುಂದೆ ಬಗ್ಗಿದಳು. ಬಡಿಸಲಿಲ್ಲ. ಯಾರಿಗೂ ಕೇಳದಷ್ಟು ಮೆಲ್ಲಗೆ, ಅತ್ತೆಯ ದನಿಯ ಏರಿಳಿತ ಒಂದಿಷ್ಟೂ ತಪ್ಪದ ಹಾಗೆ, "ಆ ಅನ್ನಿ," ಎಂದಳು.

ಬಾಯಿ ತೆರೆಯಿತು.

ಕೊಳ್ಳುವ ಕರುವಿನ ಹಲ್ಲು ನೋಡುವವರ ಹಾಗೆ ಅವಳು ಒಳಕ್ಕೊಮ್ಮೆ ನೋಡಿದಳು, ತೃಪ್ತಿಯಾದವಳಂತೆ ತಲೆಯಾಡಿಸಿ, ಪಾತ್ರೆಯನ್ನು ಎತ್ತಿಕೊಂಡು ಮುಂದಿನ ಎಲೆಗೆ ಹೋದಳು. ಪುಟ್ಟರಾಜು ಹಾಗೇ ಕೂತಿದ್ದ. ಮುಚ್ಚು ಎಂದು ಯಾರೂ ಹೇಳಲಿಲ್ಲ.